ನೇರ ಕಾರ್ಯಕ್ರಮಗಳ ನಿರೂಪಣೆ: ಟೆಲಿಪ್ರಾಂಪ್ಟರ್ ಆಪ್‌ನ ಬಳಕೆ

ಪ್ರಸ್ತಾವನೆ

ಆದವಾನಿ, ಹೊಳಗುಂದ, ಹಾಲಹರವಿ, ಕೌತಾಳಂ, ಕೋಸಿಗಿ ಮೊದಲಾದ ಮಂಡಲಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ವರ್ಷವಿಡೀ ಸಭೆ ಸಮಾರಂಭಗಳು ನಡೆಯುತ್ತವೆ. ಸ್ವಾತಂತ್ರ್ಯೋತ್ಸವ, ಶಿಕ್ಷಕರ ದಿನಾಚರಣೆ, ಮಕ್ಕಳ ದಿನಾಚರಣೆ, ಫೆಬ್ರವರಿ 21ರ ಅಂತರರಾಷ್ಟ್ರೀಯ ಮಾತೃಭಾಷಾ ದಿನ, ಶಾಲಾ ವಾರ್ಷಿಕೋತ್ಸವ ಇವು ನಿಯತವಾದವು. ಇವುಗಳ ಜೊತೆಗೆ 2024ರ ಡಿಸೆಂಬರ್ 7ರಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದೇ ದಿನ ಜರುಗಿದ ಪೋಷಕ–ಶಿಕ್ಷಕರ ಮಹಾಸಭೆಯಂತಹ ಕಾರ್ಯಕ್ರಮಗಳೂ ಸೇರಿವೆ. ಇವೆಲ್ಲಕ್ಕೂ ಒಬ್ಬ ನಿರೂಪಕ ಬೇಕು. ಬಹುಪಾಲು ಶಾಲೆಗಳಲ್ಲಿ ಆ ಹೊಣೆ ಕನ್ನಡ ಶಿಕ್ಷಕರ ಮೇಲೆ ಬೀಳುತ್ತದೆ.

ಈ ಪ್ರದೇಶದಲ್ಲಿ ಆ ಹೊಣೆಗೆ ವಿಶೇಷವಾದ ಅರ್ಥವಿದೆ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸುವವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆ ದೊರೆಯಲು ರಾಜ್ಯಗಳು ಸೌಲಭ್ಯ ಕಲ್ಪಿಸಬೇಕೆಂದು ಹೇಳುವ 350ಎ ವಿಧಿಯು 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿತು. ಆದರೂ ಇಲ್ಲಿಯ ಮಗು ಬಸ್ಸಿನ ಫಲಕದಲ್ಲಿ, ಗ್ರಾಮ ಸಚಿವಾಲಯದಲ್ಲಿ, ಮಾರುಕಟ್ಟೆಯಲ್ಲಿ ಕಾಣುವುದು ತೆಲುಗನ್ನೇ. ಕನ್ನಡವು ಮನೆಯ ಹೊರಗೆ, ಹತ್ತು ಜನರ ಮುಂದೆ, ಧ್ವನಿವರ್ಧಕದಲ್ಲಿ ಗೌರವದಿಂದ ಕೇಳಿಬರುವ ಸ್ಥಳಗಳು ಕೆಲವೇ. ಶಾಲೆಯ ವೇದಿಕೆ ಅವುಗಳಲ್ಲಿ ಮುಖ್ಯವಾದುದು.

ಆದರೆ ಆಗುವುದೇನು? ನಿರೂಪಕರು ಸ್ವಾಗತವನ್ನು ಕನ್ನಡದಲ್ಲಿ ಆರಂಭಿಸುತ್ತಾರೆ. ಅತಿಥಿಗಳು ಬಂದು ಕುಳಿತೊಡನೆ ಒಂದು ಪದ ನಾಲಿಗೆಯ ತುದಿಯಲ್ಲಿ ನಿಂತುಬಿಡುತ್ತದೆ. ತೆಲುಗಿನ ಸಿದ್ಧ ವಾಕ್ಯವೊಂದು ಸುಲಭವಾಗಿ ಒದಗಿ ಬರುತ್ತದೆ. ಅಲ್ಲಿಂದ ಮುಂದೆ ವಂದನಾರ್ಪಣೆಯವರೆಗೂ ತೆಲುಗೇ ನಡೆಯುತ್ತದೆ. ಶಿಕ್ಷಕರಿಗೆ ಭಾಷಾಭಿಮಾನ ಇಲ್ಲವೆಂದು ಇದರಿಂದ ತಿಳಿಯಬೇಕಾಗಿಲ್ಲ. ಮರೆತುಹೋದೀತೆಂಬ ಅಂಜಿಕೆ, ಔಪಚಾರಿಕ ಕನ್ನಡವನ್ನು ಬಾಯಿಬಿಟ್ಟು ಆಡುವ ರೂಢಿಯ ಕೊರತೆ, ಇವೆರಡೇ ಕಾರಣಗಳು. ಮೊದಲನೆಯದಕ್ಕೆ ಟೆಲಿಪ್ರಾಂಪ್ಟರ್ ಆಪ್ ನೇರವಾದ ಪರಿಹಾರ; ಎರಡನೆಯದಕ್ಕೆ ಅದು ಒಳ್ಳೆಯ ಅಭ್ಯಾಸ ಸಾಧನ.

ಟೆಲಿಪ್ರಾಂಪ್ಟರ್ ಎಂದರೇನು?

ನಮ್ಮ ಕಡೆಯ ಬಯಲಾಟವನ್ನು ಕಂಡವರಿಗೆ ಇದರ ತತ್ವ ಹೊಸದಲ್ಲ. ವೇಷಧಾರಿಯ ಹಿಂದೆ ಪ್ರತಿಯನ್ನು ಹಿಡಿದು ನಿಂತ ಮಾಸ್ತರರು ಪದ ಹಾಡುತ್ತ, ಮಾತು ತಪ್ಪಿದಲ್ಲಿ ಎತ್ತಿಕೊಡುತ್ತಾರೆ. ಕಂಪನಿ ನಾಟಕಗಳಲ್ಲಿ ಪರದೆಯ ಪಕ್ಕದಲ್ಲಿದ್ದ ಪ್ರಾಂಪ್ಟರನ ಕೆಲಸವೂ ಅದೇ. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಆಲೋಚನೆ 1950ರ ಸುಮಾರಿಗೆ ಅಮೆರಿಕದಲ್ಲಿ ಫ್ರೆಡ್ ಬಾರ್ಟನ್ ಎಂಬ ನಟನಿಗೆ ಹೊಳೆಯಿತು. ಹ್ಯೂಬರ್ಟ್ ಷ್ಲಾಫ್ಲಿ ಎಂಬ ಇಂಜಿನಿಯರ್ ಅದನ್ನು ರೂಪಿಸಿದರು. ಆರಂಭದ ಯಂತ್ರದಲ್ಲಿ ಮಾತುಗಳನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದ ಕಾಗದದ ಸುರುಳಿ ಮೆಲ್ಲನೆ ಉರುಳುತ್ತಿತ್ತು. ಇಂದು ಮೊಬೈಲ್ ಅಥವಾ ಟ್ಯಾಬ್‌ನ ಪರದೆಯ ಮೇಲೆ ಸಾಲುಗಳು ಕೆಳಗಿನಿಂದ ಮೇಲಕ್ಕೆ ಸರಿಯುತ್ತವೆ. ವೇಗ, ಅಕ್ಷರಗಳ ಗಾತ್ರ, ಹಿನ್ನೆಲೆಯ ಬಣ್ಣ ಇವುಗಳನ್ನು ನಾವೇ ನಿಗದಿಪಡಿಸಬಹುದು.

ಇಂತಹ ಆಪ್‌ಗಳಲ್ಲಿ ‘ಮಿರರ್’ ಎಂಬ ಆಯ್ಕೆ ಇರುತ್ತದೆ. ದೂರದರ್ಶನ ಕೇಂದ್ರಗಳಲ್ಲಿ ಪರದೆಯ ಪ್ರತಿಬಿಂಬವನ್ನು ಓರೆಯಾಗಿ ನಿಲ್ಲಿಸಿದ ಗಾಜಿನಲ್ಲಿ ಓದುತ್ತಾರೆ; ಅದಕ್ಕಾಗಿ ಅಕ್ಷರಗಳು ತಿರುಗುಮುರುಗಾಗಿರಬೇಕು. ಶಾಲೆಯಲ್ಲಿ ಪರದೆಯನ್ನು ನೇರವಾಗಿಯೇ ನೋಡುವುದರಿಂದ ಈ ಆಯ್ಕೆಯನ್ನು ಮುಚ್ಚಿಡಬೇಕು.

ಕಿವಿಗಾಗಿ ಬರೆಯುವುದು

ಆಪ್ ತೆರೆಯುವ ಮೊದಲು ಬರವಣಿಗೆ ಸಿದ್ಧವಾಗಬೇಕು. ನಿರೂಪಣೆಯ ಬರವಣಿಗೆ ಕಣ್ಣಿಗಲ್ಲ, ಕಿವಿಗೆ. ಈ ಎರಡು ಮಾದರಿಗಳನ್ನು ಗಟ್ಟಿಯಾಗಿ ಓದಿ ನೋಡಿರಿ.

ಮಾದರಿ 1: “ಇಂದಿನ ಈ ಶುಭ ಸಂದರ್ಭದಲ್ಲಿ ನಮ್ಮ ಶಾಲೆಯ ಸರ್ವತೋಮುಖ ಅಭಿವೃದ್ಧಿಗಾಗಿ ಅಹರ್ನಿಶಿ ಶ್ರಮಿಸುತ್ತಿರುವಂತಹ ಶಾಲಾ ಸಮಿತಿಯ ಅಧ್ಯಕ್ಷರು ವೇದಿಕೆಗೆ ಆಗಮಿಸಿ ಆಸನವನ್ನು ಅಲಂಕರಿಸಬೇಕೆಂದು ಸಮಸ್ತ ಸಿಬ್ಬಂದಿ ವರ್ಗದ ಪರವಾಗಿ ಸವಿನಯವಾಗಿ ಪ್ರಾರ್ಥಿಸಿಕೊಳ್ಳುತ್ತೇನೆ.”

ಮಾದರಿ 2: “ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು ನಮ್ಮೊಂದಿಗಿದ್ದಾರೆ. ಶಾಲೆಗೆ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಲು ಮುಂದೆ ನಿಂತವರು ಅವರು. ಅಧ್ಯಕ್ಷರೇ, ದಯಮಾಡಿ ವೇದಿಕೆಗೆ ಬನ್ನಿರಿ.”

ಮೊದಲನೆಯದನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದು. ನಡುವೆ ನಿಂತರೆ ಸಾಲು ಸರಿದುಹೋಗುತ್ತದೆ; ಆ ಗಾಬರಿಯೇ ಮುಂದಿನ ತಪ್ಪಿಗೆ ಕಾರಣವಾಗುತ್ತದೆ. ಎರಡನೆಯದರಲ್ಲಿ ಪ್ರತಿ ವಾಕ್ಯವೂ ಒಂದು ಉಸಿರಿಗೆ ಸಾಕಾಗುತ್ತದೆ. ಜೊತೆಗೆ ಸಭಿಕರಿಗೆ ಹೊಗಳಿಕೆಯ ಬದಲು ಒಂದು ಸಂಗತಿ ತಿಳಿಯುತ್ತದೆ. ಬರೆಯುವಾಗ ಗಮನಿಸಬೇಕಾದ ಇತರ ಅಂಶಗಳು ಇವು:

1. ಇಸವಿ, ಸಂಖ್ಯೆಗಳನ್ನು ಅಕ್ಷರಗಳಲ್ಲಿ ಬರೆಯಬೇಕು. ಸರಿಯುವ ಸಾಲಿನಲ್ಲಿ ‘1956’ ಎಂದು ಕಂಡೊಡನೆ ಯಾವ ಭಾಷೆಯಲ್ಲಿ ಓದಬೇಕೆಂದು ನಾಲಿಗೆ ತಡವರಿಸುತ್ತದೆ. ‘ಸಾವಿರದ ಒಂಬೈನೂರ ಐವತ್ತಾರು’ ಎಂದಿದ್ದರೆ ಆ ತೊಡಕಿಲ್ಲ.

2. ‘ಎಂ.ಇ.ಓ.’ ಮೊದಲಾದ ಸಂಕ್ಷೇಪಗಳನ್ನು ‘ಮಂಡಲ ವಿದ್ಯಾಧಿಕಾರಿಗಳು’ ಎಂದು ಬಿಡಿಸಿ ಬರೆಯಬೇಕು.

3. ಅತಿಥಿಗಳ ಹೆಸರನ್ನು ಮುಂಚಿತವಾಗಿ ಅವರಿಂದಲೇ ಕೇಳಿ, ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಬೇಕು. ಮನೆತನದ ಹೆಸರು ಮೊದಲು ಬರುವ ತೆಲುಗು ರೂಢಿಯನ್ನು ಹಾಗೆಯೇ ಉಳಿಸಬೇಕು.

4. ಉಸಿರು ತೆಗೆದುಕೊಳ್ಳಬೇಕಾದಲ್ಲಿ ಒಂದು ಖಾಲಿ ಸಾಲು ಬಿಡಬೇಕು. ಚಪ್ಪಾಳೆಯ ನಿರೀಕ್ಷೆ ಇರುವಲ್ಲಿ ಮೂರು ಖಾಲಿ ಸಾಲುಗಳಿರಲಿ.

5. ‘ಮನೆ’ಯನ್ನು ‘ಮನಿ’ ಎನ್ನುವ ಆಡುಮಾತು ನಮ್ಮ ಮಕ್ಕಳ ಸಹಜ ನುಡಿ. ಅದನ್ನು ಹೀಗಳೆಯಬಾರದು. ವೇದಿಕೆಯ ಮಾತು ಶಿಷ್ಟ ರೂಪದಲ್ಲಿರಲಿ. ಆದರೆ ಪದಗಳು ಸಭಿಕರಿಗೆ ಪರಿಚಿತವಾಗಿರಲಿ.

ಕನ್ನಡ ಲಿಪಿಗೆ ಸಂಬಂಧಿಸಿದ ಎಚ್ಚರಗಳು

ಟೆಲಿಪ್ರಾಂಪ್ಟರ್ ಆಪ್‌ಗಳಲ್ಲಿ ಅನೇಕವು ಇಂಗ್ಲಿಷನ್ನು ಗಮನದಲ್ಲಿರಿಸಿಕೊಂಡು ರೂಪುಗೊಂಡಂಥವು. ಆದ್ದರಿಂದ ನಾಲ್ಕು ವಿಷಯಗಳನ್ನು ಮೊದಲೇ ಪರೀಕ್ಷಿಸಬೇಕು.

ಮೊದಲನೆಯದು ಅಕ್ಷರ ಸಂಕೇತ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ ಬರವಣಿಗೆಯನ್ನು ಆಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣಿಸುತ್ತವೆ. ಬರವಣಿಗೆ ಯೂನಿಕೋಡ್‌ನಲ್ಲಿಯೇ ಇರಬೇಕು. ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಟೈಪ್ ಮಾಡಿದ್ದೆಲ್ಲ ಯೂನಿಕೋಡ್ ಆಗಿರುತ್ತದೆ.

ಎರಡನೆಯದು ನಮ್ಮ ಪ್ರದೇಶಕ್ಕೇ ವಿಶಿಷ್ಟವಾದ ತೊಡಕು. ನಮ್ಮ ಮೊಬೈಲುಗಳಲ್ಲಿ ತೆಲುಗು, ಕನ್ನಡ ಎರಡೂ ಕೀಲಿಮಣೆಗಳಿರುತ್ತವೆ. ಎರಡು ಲಿಪಿಗಳೂ ಅಕ್ಕತಂಗಿಯರಂತಿವೆ. ಯೂನಿಕೋಡ್‌ನಲ್ಲಿ ಮಾತ್ರ ಇವೆರಡಕ್ಕೂ ತಲಾ 128 ಸ್ಥಾನಗಳ ಪ್ರತ್ಯೇಕ ವಿಭಾಗಗಳಿವೆ. ಅವಸರದಲ್ಲಿ ಕೀಲಿಮಣೆ ಬದಲಾದರೆ ಒಂದೇ ವಾಕ್ಯದಲ್ಲಿ ಎರಡು ಲಿಪಿಗಳು ಬೆರೆಯುತ್ತವೆ. ಬರೆಯುವಾಗ ಕಣ್ಣಿಗೆ ಬೀಳದ ಈ ಬೆರಕೆ, ವೇದಿಕೆಯಲ್ಲಿ ಓಟವನ್ನು ತಡೆಯುತ್ತದೆ.

ಮೂರನೆಯದು ಸಾಲುಗಳ ನಡುವಣ ಅಂತರ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಂತರ ಕಡಿಮೆಯಾದರೆ ಅವು ಕೆಳಗಿನ ಸಾಲಿಗೆ ತಗಲುತ್ತವೆ ಅಥವಾ ಕತ್ತರಿಸಿಹೋಗುತ್ತವೆ. ಆಪ್‌ನಲ್ಲಿ ಸಾಲಿನ ಅಂತರವನ್ನು ಹೆಚ್ಚಿಸಿಕೊಳ್ಳಬೇಕು.

ನಾಲ್ಕನೆಯದು ಸಾಲಿನ ಉದ್ದ. ಕನ್ನಡದಲ್ಲಿ ವಿಭಕ್ತಿ, ಸಂಧಿ, ಸಮಾಸಗಳಿಂದ ಪದಗಳು ಉದ್ದವಾಗುತ್ತವೆ. ಸಾಲಿಗೆ ಮೂರು ನಾಲ್ಕು ಪದಗಳಿದ್ದರೆ ಸಾಕು. ಸಾಲು ಅಗಲವಾದಷ್ಟೂ ಕಣ್ಣು ಎಡಬಲಕ್ಕೆ ಓಡಾಡುತ್ತದೆ. ಓದುತ್ತಿರುವುದು ಸಭಿಕರಿಗೆ ಗೊತ್ತಾಗಿಬಿಡುತ್ತದೆ.

ವೇಗದ ನಿರ್ಧಾರ

ಆಪ್‌ಗಳಲ್ಲಿ ವೇಗವನ್ನು ಕೆಲವೊಮ್ಮೆ ನಿಮಿಷಕ್ಕೆ ಇಷ್ಟು ಪದಗಳೆಂದು ಕೊಟ್ಟಿರುತ್ತಾರೆ. ಅದು ಇಂಗ್ಲಿಷಿನ ಲೆಕ್ಕ; ಕನ್ನಡದ ಒಂದು ಪದ ಇಂಗ್ಲಿಷಿನ ಎರಡು ಮೂರು ಪದಗಳಷ್ಟು ಅರ್ಥವನ್ನು ಹೊರುವುದರಿಂದ ನಮಗೆ ಹೊಂದದು. ಪ್ರತಿಯೊಬ್ಬರೂ ತಮ್ಮ ವೇಗವನ್ನು ತಾವೇ ಅಳೆದುಕೊಳ್ಳಬೇಕು. ಪಠ್ಯಪುಸ್ತಕದ ಗದ್ಯಪಾಠವೊಂದನ್ನು ಸಭೆಗೆ ಓದುವಂತೆ ಒಂದು ನಿಮಿಷ ಓದಿ, ಓದಿದ ಪದಗಳನ್ನು ಎಣಿಸಿರಿ. ಮೂರು ಬಾರಿ ಮಾಡಿ ಸರಾಸರಿ ತೆಗೆಯಿರಿ. ಉದಾಹರಣೆಗೆ, ನಿಮ್ಮ ಸರಾಸರಿ 80 ಪದಗಳಾದರೆ ಮೂರು ನಿಮಿಷದ ಸ್ವಾಗತ ಭಾಷಣಕ್ಕೆ 240 ಪದಗಳು ಸಾಕು. ಕಾರ್ಯಕ್ರಮದ ಕಾಲಪಾಲನೆಗೂ ಈ ಲೆಕ್ಕ ನೆರವಾಗುತ್ತದೆ.

ನಮ್ಮ ಧ್ವನಿಯನ್ನು ಅನುಸರಿಸಿ ತಾನೇ ಸಾಲು ಸರಿಸುವ ಸೌಲಭ್ಯ ಕೆಲವು ಆಪ್‌ಗಳಲ್ಲಿದೆ. ಅದು ಕನ್ನಡವನ್ನು ಗುರುತಿಸುತ್ತದೆಯೇ ಎಂದು ಪರೀಕ್ಷಿಸದೆ ವೇದಿಕೆಯಲ್ಲಿ ನಂಬಬಾರದು. ಧ್ವನಿವರ್ಧಕದ ಪ್ರತಿಧ್ವನಿ, ಮಕ್ಕಳ ಗದ್ದಲ ಇರುವಲ್ಲಿ ಸಹೋದ್ಯೋಗಿಯೊಬ್ಬರು ಬೆರಳಿನಿಂದ ಸಾಲು ಸರಿಸುವುದೇ ಲೇಸು. ಆಗ ಅವರೇ ನಮ್ಮ ಮಾಸ್ತರರು.

ವೇದಿಕೆಯ ಸಿದ್ಧತೆ

ಮೊಬೈಲಿಗಿಂತ ಟ್ಯಾಬ್ ಉತ್ತಮ. ಅದನ್ನು ಸ್ಟ್ಯಾಂಡಿನ ಮೇಲೆ ಎದೆಯ ಎತ್ತರಕ್ಕೆ, ಸಭಿಕರ ಕಡೆಗೆ ನೋಡುವ ದೃಷ್ಟಿಯ ಸಾಲಿನಲ್ಲಿಯೇ ಇರಿಸಬೇಕು. ಮೂರು ಹೆಜ್ಜೆ ದೂರದಿಂದ ಓದಲಾಗುವಷ್ಟು ಅಕ್ಷರ ದೊಡ್ಡದಿರಲಿ. ನಮ್ಮ ಸಭೆಗಳು ಸಾಮಾನ್ಯವಾಗಿ ಹಗಲಿನಲ್ಲಿ ಶಾಮಿಯಾನದ ಕೆಳಗೆ ನಡೆಯುತ್ತವೆ. ಬಿಸಿಲಿಗೆ ಪರದೆ ಮಂಕಾಗುತ್ತದೆ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ, ಪೂರ್ಣ ಬೆಳಕು, ಪರದೆಯ ಮುಖ ಸೂರ್ಯನ ಕಡೆಗೆ ಬಾರದಂತೆ ನೆರಳಿನ ಜಾಗ, ಈ ಮೂರನ್ನೂ ಹಿಂದಿನ ದಿನ ಅದೇ ಹೊತ್ತಿನಲ್ಲಿ ನೋಡಿಕೊಳ್ಳಬೇಕು. ಕಾರ್ಯಕ್ರಮದ ಮೊದಲು ಬ್ಯಾಟರಿ ತುಂಬಿರಬೇಕು. ಕರೆಗಳೂ ವಾಟ್ಸ್ಆಪ್ ಸಂದೇಶಗಳೂ ಬಾರದಂತೆ ಏರ್‌ಪ್ಲೇನ್ ಮೋಡ್‌ನಲ್ಲಿ ಇರಿಸಬೇಕು. ಇಂಟರ್ನೆಟ್ ಇಲ್ಲದೆಯೂ ಆಪ್ ನಡೆಯುತ್ತದೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಓದುವ ಕ್ರಮವನ್ನು ರೂಢಿಸಿಕೊಳ್ಳುವುದು ಮುಖ್ಯ. ಒಂದು ವಾಕ್ಯವನ್ನು ಕಣ್ಣಿನಿಂದ ಹಿಡಿದುಕೊಳ್ಳಿರಿ; ತಲೆ ಎತ್ತಿರಿ; ಸಭಿಕರನ್ನು ನೋಡುತ್ತ ಆ ವಾಕ್ಯವನ್ನು ಆಡಿರಿ. ವಾಕ್ಯದ ಕೊನೆಯ ಪದವನ್ನು ಪರದೆಗೆ ಹೇಳದೆ ಸಭಿಕರಿಗೆ ಹೇಳಬೇಕು. ಹೆಸರುಗಳನ್ನು ಕರೆಯುವಾಗ ಆ ವ್ಯಕ್ತಿಯ ಮುಖವನ್ನೇ ನೋಡಬೇಕು.

ಎರಡು ಭಾಷೆಗಳ ಸಭೆ

ನಮ್ಮ ಸಭೆಗಳಲ್ಲಿ ಕನ್ನಡ ಬಾರದ ಅಧಿಕಾರಿಗಳು ಇರುವುದುಂಟು. ಅವರಿಗೆ ತಿಳಿಯುವಂತೆ ನಡೆದುಕೊಳ್ಳುವುದು ಸೌಜನ್ಯ. ಅದಕ್ಕಾಗಿ ಕನ್ನಡವನ್ನು ಬಿಟ್ಟುಕೊಡಬೇಕಾಗಿಲ್ಲ. ಈ ನೆಲದ ರಂಗಭೂಮಿ ಎರಡು ನುಡಿಗಳನ್ನೂ ಹೊತ್ತದ್ದು. ಬಳ್ಳಾರಿ ರಾಘವರು ತೆಲುಗು, ಕನ್ನಡ ಎರಡರಲ್ಲಿಯೂ ಅಭಿನಯಿಸಿ ಕೀರ್ತಿ ಪಡೆದರು.

ಬರವಣಿಗೆಯಲ್ಲಿಯೇ ಇದರ ವ್ಯವಸ್ಥೆ ಮಾಡಿಕೊಳ್ಳಬಹುದು. ಪ್ರತಿ ಘಟ್ಟದಲ್ಲಿ ಮೊದಲು ಕನ್ನಡದ ಮಾತು ಪೂರ್ಣವಾಗಿ ಬರಲಿ. ಅನಂತರ ತೆಲುಗಿನಲ್ಲಿ ಒಂದೇ ವಾಕ್ಯದ ಸಾರಾಂಶವಿರಲಿ. ಆ ವಾಕ್ಯದ ಆದಿಯಲ್ಲಿ ಒಂದು ನಕ್ಷತ್ರ ಚಿಹ್ನೆ ಇಟ್ಟುಕೊಂಡರೆ ಭಾಷೆ ಬದಲಾಗುವುದು ಮುಂಚಿತವಾಗಿ ಕಾಣುತ್ತದೆ. ಅದರ ಮುಂದಿನ ಸಾಲು ಕಡ್ಡಾಯವಾಗಿ ಕನ್ನಡದಲ್ಲಿರಬೇಕು. ಹಿಂದೆ ಹೇಳಿದ ಜಾರುವಿಕೆ ಸಂಭವಿಸುವುದು ಈ ಸಂಧಿಸ್ಥಾನದಲ್ಲಿಯೇ. ಮರಳುವ ವಾಕ್ಯ ಕಣ್ಣೆದುರಿಗಿದ್ದರೆ ನಾಲಿಗೆ ತಾನಾಗಿ ಮರಳುತ್ತದೆ. ನವೆಂಬರ್ 1ರ ಸಭೆಗೆ ಈ ವಿಧಾನ ಹೆಚ್ಚು ಒಪ್ಪುತ್ತದೆ. 1956ರಲ್ಲಿ ಆಂಧ್ರ ಪ್ರದೇಶ ರಚನೆಯಾದದ್ದೂ, ಕನ್ನಡ ನಾಡು ಒಂದಾದದ್ದೂ ಅದೇ ದಿನ.

ಅನಿರೀಕ್ಷಿತ ಸಂದರ್ಭಗಳು

ನೇರ ಕಾರ್ಯಕ್ರಮ ಬರೆದಂತೆಯೇ ನಡೆಯುವುದಿಲ್ಲ. ಅತಿಥಿಗಳು ತಡವಾಗಿ ಬರಬಹುದು, ನೃತ್ಯದ ಹಾಡು ಮೊಳಗದಿರಬಹುದು, ವಿದ್ಯುತ್ತು ಹೋಗಬಹುದು. ಆದ್ದರಿಂದ ಇಡೀ ನಿರೂಪಣೆಯನ್ನು ಒಂದೇ ಕಡತವಾಗಿ ಇಡದೆ ಸ್ವಾಗತ, ಪರಿಚಯ, ಬಹುಮಾನ, ವಂದನೆ ಎಂದು ಬಿಡಿ ಕಡತಗಳಾಗಿ ಇಡಬೇಕು. ಕ್ರಮ ಬದಲಾದರೆ ಬೇಕಾದುದನ್ನು ತೆರೆಯಲು ಇದರಿಂದ ಅನುಕೂಲ. ಐದು ನಿಮಿಷ ಬಿಡುವನ್ನು ತುಂಬುವ ಒಂದು ಕಡತವೂ ಸಿದ್ಧವಿರಲಿ: ಶಾಲೆಯ ಚರಿತ್ರೆ, ಊರಿನ ಹೆಸರಿನ ಕಥೆ, ಎರಡು ಒಗಟುಗಳು. ಕೊನೆಯದಾಗಿ, ಕಾರ್ಯಕ್ರಮದ ಅನುಕ್ರಮ ಮತ್ತು ಹೆಸರುಗಳ ಪಟ್ಟಿ ಕಾಗದದ ಮೇಲೆ ಕೈಯಲ್ಲಿ ಇರಲೇಬೇಕು. ಶೋಕದ ಮಾತು, ಮಗುವಿಗೆ ಮೆಚ್ಚುಗೆ, ತಪ್ಪಾದಾಗ ಕ್ಷಮೆ ಇವನ್ನು ಪರದೆ ನೋಡಿ ಹೇಳಬಾರದು.

ಮಕ್ಕಳ ನಿರೂಪಣೆ

ಏಳನೆಯ ತರಗತಿಯ ಮೇಲ್ಪಟ್ಟ ಮಕ್ಕಳಿಗೆ ಈ ಸಾಧನವನ್ನು ಅಭ್ಯಾಸಕ್ಕಾಗಿ ಕೊಡಬಹುದು. ಮೊದಲ ವಾರ ಪೂರ್ಣ ಬರವಣಿಗೆ ಸರಿಯಲಿ. ಎರಡನೆಯ ವಾರ ಪ್ರತಿ ವಾಕ್ಯದ ಮೊದಲೆರಡು ಪದಗಳಷ್ಟೇ ಇರಲಿ. ಮೂರನೆಯ ವಾರ ಘಟ್ಟದ ಶೀರ್ಷಿಕೆ ಮಾತ್ರ. ಅಲ್ಪಪ್ರಾಣ–ಮಹಾಪ್ರಾಣ, ನ–ಣ, ಲ–ಳ ಭೇದಗಳನ್ನು ತಿದ್ದಲು ಇದೇ ತಕ್ಕ ಕಾಲ. ಆದರೆ ಸಭೆಯ ಮುಂದೆ ತಿದ್ದಬಾರದು.

ಚಟುವಟಿಕೆ

ನಿಮ್ಮ ಶಾಲೆಯ ಮುಂದಿನ ಕಾರ್ಯಕ್ರಮಕ್ಕೆ ಮೂರು ನಿಮಿಷದ ಸ್ವಾಗತವನ್ನು ಬರೆಯಿರಿ. ಆಪ್‌ನಲ್ಲಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿರಿ. ಕೇಳುತ್ತ ಮೂರನ್ನು ಗುರುತು ಹಾಕಿರಿ: ಉಸಿರು ಸಾಲದೆ ತುಂಡಾದ ವಾಕ್ಯಗಳು, ತಡವರಿಸಿದ ಪದಗಳು, ತೆಲುಗಿಗೆ ಜಾರಿದ ಸ್ಥಳಗಳು. ಆ ಸ್ಥಳಗಳನ್ನು ಮಾತ್ರ ತಿದ್ದಿ ಮತ್ತೊಮ್ಮೆ ಓದಿರಿ. ಎರಡು ಧ್ವನಿಮುದ್ರಿಕೆಗಳನ್ನೂ ಸಂಕೀರ್ಣ ಶಾಲೆಯ ಮುಂದಿನ ಸಭೆಗೆ ತಂದು ಸಹೋದ್ಯೋಗಿಗಳೊಡನೆ ಚರ್ಚಿಸಿರಿ.