ಜಾಗ ಮಿಕ್ಕರೂ ತೂಕ ಮಿಕ್ಕದ ಪೆಟ್ಟಿಗೆ

ವಿಮಾನ ಪ್ರಯಾಣಕ್ಕೆ ಸೂಟ್‌ಕೇಸ್ ತುಂಬುವ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚುಕಡಿಮೆ ಬಟ್ಟೆಯ ಸುತ್ತಲೇ ಇರುತ್ತವೆ. ಅಂಗಿಯನ್ನು ಮಡಿಸಬೇಡಿ, ಸುರುಳಿ ಸುತ್ತಿ. ಕಾಲುಚೀಲವನ್ನು ಬೂಟಿನೊಳಗೆ ತುರುಕಿ. ಗಾಳಿ ಹೀರುವ ಚೀಲಕ್ಕೆ ಹಾಕಿ ಸ್ವೆಟರನ್ನು ಹಪ್ಪಳದಂತೆ ಚಪ್ಪಟೆ ಮಾಡಿ. ಇವೆಲ್ಲ ಜಾಗ ಉಳಿಸುವ ಉಪಾಯಗಳು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಮಗಳ ಬಾಣಂತನಕ್ಕೋ ಮೊಮ್ಮಗನ ಹುಟ್ಟುಹಬ್ಬಕ್ಕೋ ಅಮೆರಿಕಕ್ಕೆ ಹೊರಟವರ ಪೆಟ್ಟಿಗೆಗೆ ಇವು ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ಬಟ್ಟೆ ನೆಪಕ್ಕೆ ಮಾತ್ರ. ತುಂಬಿರುವುದು ಅಚ್ಚು ಬೆಲ್ಲ, ರಾಗಿ ಹಿಟ್ಟು, ಸಾರಿನ ಪುಡಿ, ಹುಚ್ಚೆಳ್ಳು ಚಟ್ನಿಪುಡಿ. ಇಂಥ ಪೆಟ್ಟಿಗೆಯಲ್ಲಿ ಮೊದಲು ಮುಗಿಯುವುದು ಜಾಗವಲ್ಲ, ತೂಕ.

ಲೆಕ್ಕ ಹಾಕಿಯೇ ನೋಡಬಹುದು. ಅಮೆರಿಕಕ್ಕೆ ಹೋಗುವ ಹಲವು ವಿಮಾನಗಳಲ್ಲಿ ಒಂದು ಪೆಟ್ಟಿಗೆಗೆ 23 ಕೆ.ಜಿ. ಮಿತಿ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ 158 ಸೆಂ.ಮೀ. ದಾಟಬಾರದು. ಆ ಅಳತೆಯ ದೊಡ್ಡ ಸೂಟ್‌ಕೇಸಿನೊಳಗೆ ಸುಮಾರು 100 ಲೀಟರ್ ಜಾಗವಿರುತ್ತದೆ. ಖಾಲಿ ಪೆಟ್ಟಿಗೆಯೇ ನಾಲ್ಕು ಕೆ.ಜಿ. ತೂಗಿದರೆ ಉಳಿಯುವುದು 19. ಈಗ ಬೆಲ್ಲದ ಅಚ್ಚೊಂದನ್ನು ನೀರಿಗೆ ಹಾಕಿ; ಕರಗುವುದಕ್ಕೂ ಮೊದಲು ತಳ ಸೇರುತ್ತದೆ. ನೀರಿಗಿಂತ ಭಾರ ಎಂದ ಮೇಲೆ 19 ಕೆ.ಜಿ. ಬೆಲ್ಲಕ್ಕೆ 19 ಲೀಟರ್ ಜಾಗವೂ ಬೇಡ. ಅಂದರೆ ಪೆಟ್ಟಿಗೆಯ ಐದನೇ ಒಂದು ಭಾಗ ತುಂಬುವಷ್ಟರಲ್ಲಿ ತೂಕ ಮುಗಿದಿರುತ್ತದೆ, ಉಳಿದ ನಾಲ್ಕು ಭಾಗ ಬಾಯಿ ತೆರೆದುಕೊಂಡು ಕೂತಿರುತ್ತದೆ. ಖಾಲಿ ಜಾಗ ಕಂಡರೆ ನಮ್ಮ ಜನಕ್ಕೆ ತಡೆಯದು. ಇನ್ನೊಂದು ಡಬ್ಬಿ ಒಳಗೆ ಹೋಗುತ್ತದೆ. ಗಾಳಿ ಹೀರುವ ಚೀಲ ಇಲ್ಲಿ ಉಪಕಾರಿಯಲ್ಲ, ಅಪಕಾರಿ. ಅದು ಗಾತ್ರವನ್ನು ಕುಗ್ಗಿಸುತ್ತದೆಯೇ ಹೊರತು ಒಂದು ಗ್ರಾಂ ತೂಕವನ್ನೂ ಇಳಿಸುವುದಿಲ್ಲ. ಸ್ಟೀಲ್ ಡಬ್ಬಿಯದೂ ಅದೇ ತಂಟೆ. ಪುಡಿಯನ್ನು ಎರಡು ಪದರ ದಪ್ಪ ಕವರಿಗೆ ಹಾಕಿ ಬಾಯಿ ಬಿಗಿದರೆ ಡಬ್ಬಿಯ ತೂಕದಷ್ಟು ಪುಡಿ ಹೆಚ್ಚಿಗೆ ಹೋಗುತ್ತದೆ. ಪೆಟ್ಟಿಗೆ ನಿಂತಾಗ ಕೆಳಗೆ ಬರುವ ಚಕ್ರದ ಕಡೆ ಬೆಲ್ಲವಿರಲಿ, ಅದರ ಸುತ್ತ ಬಟ್ಟೆ.

ಈಗೆಲ್ಲ ಅಲ್ಲೇ ಸಿಗುತ್ತದಲ್ಲ, ಹೊರುವುದೇಕೆ ಎಂದು ಕೇಳುವವರಿದ್ದಾರೆ. ಆ ಮಾತು ಅರ್ಧ ನಿಜ. ರಾಗಿ ಹಿಟ್ಟು, ಬೆಲ್ಲ ಎರಡೂ ಭಾರತೀಯರು ಹೆಚ್ಚಿರುವ ನ್ಯೂಜೆರ್ಸಿಯಂಥ ಕಡೆಯ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದಿರುವುದು ಮನೆಯ ಹದಕ್ಕೆ ಹುರಿದು ಕುಟ್ಟಿದ ಸಾರಿನ ಪುಡಿ. ಹಾಗಾಗಿ ಒಂದು ಕೆ.ಜಿ.ಯಿಂದ ಎಷ್ಟು ದಿನದ ಅಡುಗೆ ಆಗುತ್ತದೆ, ಅದು ಅಲ್ಲಿ ಸಿಗುತ್ತದೆಯೇ ಎಂಬ ಎರಡನ್ನು ನೋಡಿದರೆ ಸಾಕು. ಸಾರಿನ ಪುಡಿ ತಿಂಗಳುಗಟ್ಟಲೆ ಬರುತ್ತದೆ, ಮುದ್ದೆಗೆ ಒಂದು ಕೆ.ಜಿ. ಹಿಟ್ಟು ಎಷ್ಟು ದಿನ ಬಂದೀತು? ಊರಿನ ಬೆಲ್ಲದ ರುಚಿಯೇ ಬೇರೆ, ಅದನ್ನು ತಕ್ಕಡಿಯಲ್ಲಿ ತೂಗಬಾರದು ಎನ್ನುವವರಿಗೆ ಎದುರು ಹೇಳುವುದು ಕಷ್ಟ. ಸಕ್ಕರೆ ನಾಡಿನವರಿಗೆ ಬೆಲ್ಲ ಬಿಡಿ ಎನ್ನಲಾದೀತೆ? ಒಯ್ಯಲಿ, ಆದರೆ ರುಚಿಗೆ ಒಂದೆರಡು ಕೆ.ಜಿ., ವರ್ಷದ ಬಳಕೆಗಲ್ಲ.

ಒಯ್ದೂ ದಕ್ಕದ ತೂಕ ಇನ್ನೊಂದಿದೆ. ಬಂಡೂರು ಕುರಿಗೆ ಆ ಹೆಸರು ಬಂದದ್ದು ಮಳವಳ್ಳಿ ತಾಲ್ಲೂಕಿನ ಹಳ್ಳಿಯಿಂದ. ಅದರ ಮಾಂಸದ ಹೆಸರು ಎಷ್ಟೇ ದೊಡ್ಡದಿರಲಿ, ಉಪ್ಪುಕಂಡ ಅಮೆರಿಕದ ಕಸ್ಟಮ್ಸ್ ದಾಟದು. ಕಾಲುಬಾಯಿ ಜ್ವರ ಇರುವ ದೇಶದ ಮಾಂಸವನ್ನು ಅವರು ಒಳಗೆ ಬಿಡುವುದಿಲ್ಲ. ಧಾನ್ಯ ತಿನ್ನುವ ಖಾಪ್ರಾ ಹುಳುವಿನ ಭಯಕ್ಕೆ 2011ರಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರು ಅಲ್ಲಿಗೆ ಒಯ್ಯುವಂತಿಲ್ಲ. ಹಸಿ ಕರಿಬೇವು ಕಿತ್ತಳೆ ಜಾತಿಯ ಗಿಡಗಳ ರೋಗವನ್ನು ಹೊತ್ತೊಯ್ಯುತ್ತದೆಂದು ಅದಕ್ಕೂ ತಡೆ. ಬ್ರಿಟನ್‌ಗೋ ಯುರೋಪಿಗೋ ಹೊರಟವರು ಮನೆಯ ತುಪ್ಪವನ್ನು ಮರೆಯಬೇಕು, ಅದು ಹಾಲಿನ ಪದಾರ್ಥ. ಎಲ್ಲಕ್ಕಿಂತ ಅಚ್ಚರಿ ಒಣ ಕೊಬ್ಬರಿಯದು. ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಬಲ್ಲ ಸರಕು ಎಂದು ಅದಕ್ಕೆ 1363 ಎಂಬ ಅಪಾಯದ ಸಂಖ್ಯೆಯಿದೆ. ವಿಮಾನಕ್ಕೆ ಕೊಡುವ ಪೆಟ್ಟಿಗೆಯಲ್ಲೂ ಬೇಡ, ಕೈಚೀಲದಲ್ಲೂ ಬೇಡ. ಪವರ್ ಬ್ಯಾಂಕ್ ಹಾಗಲ್ಲ, ಅದು ಕೈಚೀಲದಲ್ಲಿ ಮಾತ್ರ ಇರಬೇಕು.

ಸ್ವಲ್ಪ ಹೆಚ್ಚಾದರೆ ದುಡ್ಡು ಕಟ್ಟಿದರಾಯಿತು ಎನ್ನುವ ಧೈರ್ಯವೂ ಕೆಲವರಿಗಿದೆ. ಆ ದುಡ್ಡು ಬೆಲ್ಲದ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಅಲ್ಲದೆ 32 ಕೆ.ಜಿ. ದಾಟಿದ ಪೆಟ್ಟಿಗೆಯನ್ನು ಹಣ ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅದನ್ನು ವಿಮಾನದ ಹೊಟ್ಟೆಯೊಳಗೆ ಬಗ್ಗಿ ಎತ್ತಿಡುವುದು ಮನುಷ್ಯರೇ. ಮಂಡ್ಯದಿಂದ ಬೆಂಗಳೂರೇ ಸುಮಾರು 100 ಕಿ.ಮೀ., ದೇವನಹಳ್ಳಿಯ ನಿಲ್ದಾಣ ಅದರಾಚೆ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಪ್ರಯಾಣವನ್ನು ಚುರುಕು ಮಾಡಿದೆ, ನಿಜ. ಆದರೆ ಕೌಂಟರಿನಲ್ಲಿ ತೆಗೆದ ಹಿಟ್ಟನ್ನು ಮನೆಗೆ ಮರಳಿಸುವಷ್ಟಲ್ಲ. ಟಿಕೆಟ್ ಇಲ್ಲದವರು ಒಳಗೆ ಬರುವಂತಿಲ್ಲವಾದ್ದರಿಂದ ಕಳಿಸಲು ಬಂದವರ ಕೈಗೆ ಕೊಡುವುದೂ ಸುಲಭವಲ್ಲ. ಮನೆಯಲ್ಲೇ ತೂಗಿ. ತೂಕ ನೋಡುವ ಯಂತ್ರದ ಮೇಲೆ ಪೆಟ್ಟಿಗೆ ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ಕಳೆದರೆ ಆಯಿತು. ಯಂತ್ರ ಯಂತ್ರಕ್ಕೂ ವ್ಯತ್ಯಾಸವಿರುತ್ತದೆ, ಅರ್ಧ ಕೆ.ಜಿ. ಬಿಟ್ಟುಕೊಂಡಿರಿ.

ಇನ್ನು ಮದ್ದೂರು ವಡೆ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು, ರೈಲು ಹೊತ್ತಿಗೆ ಮುಂಚೆ ಬಂದಾಗ, ಹಿಟ್ಟನ್ನು ಅವಸರದಲ್ಲಿ ತಟ್ಟಿ ಕರಿದದ್ದರಿಂದ ಈ ವಡೆ ಹುಟ್ಟಿತೆಂಬ ಕತೆಯಿದೆ. ಪ್ರಯಾಣಿಕರಿಗೆಂದೇ ಹುಟ್ಟಿದ ತಿಂಡಿ. ಚಪ್ಪಟೆ, ಹಗುರ, ಒಂದರ ಮೇಲೊಂದು ಕೂರುತ್ತದೆ. ದೊಡ್ಡ ಪೆಟ್ಟಿಗೆಗೆ ಹಾಕಿದರೆ ಬೆಲ್ಲದ ಭಾರಕ್ಕೆ ಪುಡಿಯಾದೀತು, ಅದರ ಜಾಗ ಕೈಚೀಲ. ಅಲ್ಲಿ ಮಿತಿ ಸಾಮಾನ್ಯವಾಗಿ 7 ಕೆ.ಜಿ. ವಡೆಯ ಜೊತೆ ಕೊಟ್ಟ ಚಟ್ನಿಯನ್ನು ಮಾತ್ರ ಮದ್ದೂರಿನಲ್ಲೇ ಮುಗಿಸಿ ಹೊರಡಿ: ವಿದೇಶಕ್ಕೆ ಹೋಗುವ ವಿಮಾನದ ಭದ್ರತಾ ತಪಾಸಣೆಯಲ್ಲಿ ಅದೂ ದ್ರವ, 100 ಮಿ.ಲೀ.ಗಿಂತ ದೊಡ್ಡ ಡಬ್ಬಿಯಲ್ಲಿದ್ದರೆ ಕಸದ ಬುಟ್ಟಿಗೆ.