ನಿಮಗಿದು ಗೊತ್ತೆ? ದಾಖಲಾದರೆ ಮಾತ್ರ ಬಂಡೆ ಮಾತಾಡೀತು

ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1901ರಲ್ಲೇ ‘ಎಪಿಗ್ರಾಫಿಯ ಕರ್ನಾಟಿಕ’ದ 6ನೇ ಸಂಪುಟದಲ್ಲಿ ಪ್ರಕಟಿಸಿದರು. ಅಕ್ಷರವಿಲ್ಲದ ಬಂಡೆಗೆತ್ತನೆಗಳಿಗೆ ಆ ಭಾಗ್ಯ ಸುಲಭವಾಗಿ ಒದಗಲಿಲ್ಲ. ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದ ಕೆತ್ತನೆಗಳು 1892ರಲ್ಲೇ ವರದಿಯಾಗಿದ್ದರೂ ಮುಂದೆ ಹುಡುಕಿದ ಕೆಲವರಿಗೆ ಸಿಗಲೇ ಇಲ್ಲ. ಅವುಗಳ ಹಳೆಯ ಛಾಯಾಚಿತ್ರಗಳೂ ಮಾಸಿದವು. ಬಂಡೆ ಎಲ್ಲಿಗೂ ಹೋಗದು, ದಾಖಲೆಯ ಆತುರವೇಕೆ ಎನ್ನಬಹುದು. ಆದರೆ ಅದೇ ಗುಡ್ಡಕ್ಕೆ ಕಲ್ಲು ಗಣಿಗಾರಿಕೆ ಕಾಲಿಟ್ಟಿತ್ತು. ದಾಖಲಿಸುವವರು ಕಂಡಷ್ಟೇ ಚರಿತ್ರೆಯಾಗಿಬಿಡುತ್ತದೆ ಎಂಬ ಆಕ್ಷೇಪ ಮಾತ್ರ ನಿಜ: ಅಲ್ಲಿ ಮೊದಲು ಕಣ್ಣಿಗೆ ಕಂಡದ್ದು ಉದ್ದ ಕೊಂಬಿನ ದನಗಳ ಕೆತ್ತನೆಗಳು; ಬಡಿದರೆ ಗಂಟೆಯಂತೆ ನಾದ ಕೊಡುವ, ಸವೆದ ಗುಳಿಗಳ ಬಂಡೆಗಳ ಮಹತ್ವ ಹೊರಬಿದ್ದದ್ದು ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅಂದರೆ ಮದ್ದು ದಾಖಲೆ ಬಿಡುವುದಲ್ಲ, ಹೊಸ ಪ್ರಶ್ನೆಯೊಡನೆ ಮತ್ತೆ ದಾಖಲಿಸುವುದು.