ಮಾದಪ್ಪನ ಕಾಡಿನಲ್ಲಿ ಒಂದು ಹಗಲು

ಕಾಡು ಅಂದ್ರೆ ಹಸಿರು ಅಂದುಕೊಂಡು ಹನೂರು ಕಡೆ ಹೊರಟರೆ ನಿರಾಸೆ ಗ್ಯಾರಂಟಿ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಶೋಲಾ, ಮಂಜು, ತಂಪು ಎಲ್ಲ ಇದೆ. ಮುಂಗಾರಿನ ಮೋಡವನ್ನು ಆ ಬೆಟ್ಟಸಾಲೇ ತಡೆದುಬಿಡುತ್ತದೆ. ಪೂರ್ವಕ್ಕಿರುವ ಮಲೆ ಮಹದೇಶ್ವರ ವನ್ಯಧಾಮಕ್ಕೆ ಉಳಿಯುವುದು ಬಿಸಿಲು, ಮುಳ್ಳು, ಕಲ್ಲು. ಕೊಳ್ಳೇಗಾಲದಲ್ಲಿ ಬೆಳೆದ ನನಗೆ ಮರುಭೂಮಿ ಅಂದ್ರೆ ಇದೇ!

ಬೆಂಗಳೂರಿನ ಇಬ್ಬರು ಗೆಳೆಯರ ಜೊತೆ ಮಳೆ ನಿಂತ ಮೇಲೆ ನಾಗಮಲೆಗೆ ನಡೆದೆ. ಬೆಟ್ಟದಿಂದ ಹನ್ನೆರಡು ಕಿಲೋಮೀಟರಿಗೂ ಹೆಚ್ಚು, ಇಂಡಿಗನತ್ತದ ಮೇಲೆ ದಾರಿ. ದಿಂಡಿಗ, ಜಾಲಿ, ಕಳ್ಳಿ; ನೆರಳು ಕಮ್ಮಿ. ತಲಾ ಮೂರು ಲೀಟರ್ ನೀರು ಒಯ್ದಿದ್ದೆವು, ಮಧ್ಯಾಹ್ನಕ್ಕೇ ಖಾಲಿ. ಕಂಡದ್ದು ನವಿಲು, ಮಟಪಕ್ಷಿ, ಹಸಿ ಆನೆ ಲದ್ದಿ. ಹುಲಿ? ಇಲ್ಲ.

ಆದರೆ ಇಡೀ ದಿನ ಮಾತು ಹುಲಿಯದ್ದೇ. 2013ರಲ್ಲಿ ಘೋಷಣೆಯಾದ, 906 ಚದರ ಕಿಲೋಮೀಟರ್ ಹರವಿನ ಈ ಕಾಡಿನ ಹೂಗ್ಯಂ ವಲಯದಲ್ಲಿ 2025ರ ಜೂನ್ 26ರಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಅದೂ ಎಲ್ಲಿ? ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಬೆಟ್ಟದಲ್ಲಿ. ಆ ಸುದ್ದಿ ಓದಿದ ದಿನ ಆಫೀಸಿನಲ್ಲಿ ಕೂತು 'ಇಂಥವರನ್ನು ಕಾಡಿಂದ ಓಡಿಸಬೇಕು' ಅಂತ ಗ್ರೂಪಿನಲ್ಲಿ ನಾನೇ ಬರೆದಿದ್ದೆ.

ವಾಪಸ್ ಬರುವಾಗ ದೊಡ್ಡಿಯೊಂದರ ಬಳಿ ನೀರು ಕೇಳಿದೆವು. ಕೆಂಪು-ಬಿಳಿ ಮಚ್ಚೆಯ ಬರಗೂರು ದನ ಮೇಯಿಸುವ ಅಜ್ಜಿ ಚೊಂಬು ತುಂಬಿ ಕೊಟ್ಟರು. ಹುಲಿ ವಿಷಯ ತೆಗೆದೆ.

"ಮಾದಪ್ಪನ ವಾಹ್ನ ಕನಪ್ಪ ಅದು, ಯಾರ್ ಕೊಂದ್ರೂ ಪಾಪ್ವೆಯಾ. ಆದ್ರ ಒಂದ್ ಹಸ ಹೋದ್ರ ನಮ್ಗ ವರ್ಸದ ಕೂಳು ಹೋಯ್ತದ. ಅದ ಯಾರ್ನ ಕೇಳಾದು?"

ಪರಿಹಾರ ಕೊಡ್ತಾರಲ್ಲ ಅಜ್ಜಿ, ಅಂದೆ. ನಕ್ಕರು. ಗ್ರೂಪಿನಲ್ಲಿ ಬರೆದದ್ದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಪರಿಹಾರ ಬೇಗ ಕೈಸೇರದಿದ್ದರೆ ಹುಲಿ ಉಳಿಯುವುದು ಕಷ್ಟ ಅಂತ ಈಗ ನನಗನ್ನಿಸುತ್ತದೆ. ಗಸ್ತು ಹೆಚ್ಚಿಸಿದರೆ ಸಾಲದು.

ನೀವೂ ಹೋಗುವುದಾದರೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ತಾಣ ನೋಡಿ, ಅನುಮತಿ ಇದ್ದಾಗ ಮಾತ್ರ ಹೊರಡಿ. ಪ್ರಾಣಿ ನೋಡಲೇಬೇಕು ಅನ್ನುವವರಿಗೆ ಬಿಳಿಗಿರಿಯ ಕೆ. ಗುಡಿ ಸಫಾರಿ ವಾಸಿ.

ನಾವು ಹೊರಡುವಾಗ ಅಜ್ಜಿ ದನ ಎಣಿಸುತ್ತಿದ್ದರು. ಒಂದು ಕಮ್ಮಿ. ಹೊತ್ತಾಗುತ್ತಿದ್ದರೂ ನಮಗೆ ಕಾಲು ಕೀಳಲು ಮನಸ್ಸಾಗಲಿಲ್ಲ. ಕಾಲು ಗಂಟೆಯ ಮೇಲೆ ಲಂಟಾನ ಪೊದೆಯ ಆಚೆ ಗಂಟೆ ಸದ್ದು ಕೇಳಿಸಿತು. ಅಜ್ಜಿ ಅದನ್ನು ಬೈಯುತ್ತಲೇ ಒಳಗೆ ಕಟ್ಟಿದರು.